ನೆಲೆಯೂರಿದ ಸೋಂಕು: ಹಂದಿಗಳ ವೈರಾಣು ರೋಗಗಳು ಹಾಗೂ ಅವುಗಳ ಹರಡುವಿಕೆ – ಒಂದು ಜಾನಪದೀಯ ವಿವೇಚನೆ

೧. ಪೀಠಿಕೆ

ಕರ್ನಾಟಕದ ಗ್ರಾಮೀಣ ಜನತೆ ಸಾಂಕ್ರಾಮಿಕ ರೋಗಗಳನ್ನು ಬಂದು ಹೋಗುವ ಶಕ್ತಿಗಳನ್ನಾಗಿ ಕಂಡಿದೆ. ಮಾರಿ ಊರಿಗೆ ಬರುತ್ತಾಳೆ. ಆಕೆಯನ್ನು ಪೂಜಿಸಿ, ತಣಿಸಿ, ಗಡಿಯಾಚೆಗೆ ಸಾಗಿಸಲಾಗುತ್ತದೆ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಕಳೆಂಜನು ಜನ, ದನ ಮತ್ತು ಬೆಳೆಗಳಿಗೆ ತಗುಲಿದ ಮಾರಿಯನ್ನು ಕಳೆಯುತ್ತಾನೆಂಬ ನಂಬಿಕೆಯಿದೆ. ಮಲೆನಾಡು ಮತ್ತು ಅದರ ಸೆರಗಿನ ಹಲವು ಊರುಗಳಲ್ಲಿ ರೂಢಿಯಲ್ಲಿರುವ ‘ಹೊರಬೀಡು’ ಆಚರಣೆಯಲ್ಲಿ ಜನರು ಮನೆಗಳಿಗೆ ಬೀಗ ಹಾಕಿ, ಊರ ಹೊರಗೆ ಹಗಲು ಕಳೆದು, ಸಂಜೆಗೆ ಹಿಂದಿರುಗುತ್ತಾರೆ. ಈ ಆಚರಣೆಗಳ ವಿವರಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾದರೂ ಅವುಗಳ ಹಿಂದಿರುವ ತಿಳಿವಳಿಕೆ ಬಹುಮಟ್ಟಿಗೆ ಒಂದೇ ಆಗಿದೆ. ರೋಗ ಕಣ್ಣಿಗೆ ಕಾಣುತ್ತದೆ, ರೋಗಕ್ಕೆ ಹೊರಗಿನಿಂದ ಬರುವ ದಾರಿಯಿದೆ, ತಕ್ಕ ಕ್ರಮ ಕೈಗೊಂಡರೆ ಅದು ಹೊರಟುಹೋಗುತ್ತದೆ ಎಂಬುದೇ ಆ ತಿಳಿವಳಿಕೆ.

ಹಂದಿಗಳನ್ನು ಬಾಧಿಸುವ ಕೆಲವು ವೈರಾಣು ರೋಗಗಳು ಈ ಮೂರರಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಒಗ್ಗುವುದಿಲ್ಲ. ಅವು ರೋಗಲಕ್ಷಣ ತೋರದ ಪ್ರಾಣಿಯ ಮೈಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಉಣ್ಣೆಯ ಹೊಟ್ಟೆಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಸತ್ತ ಹಂದಿಯ ಉಪ್ಪು ಹಾಕಿದ ಮಾಂಸದಲ್ಲಿಯೂ ಉಳಿಯುತ್ತವೆ. ಪಶುವೈದ್ಯ ವಿಜ್ಞಾನವು ಇವುಗಳಲ್ಲಿ ಜೀವಂತ ಪ್ರಾಣಿಯ ದೇಹದೊಳಗೆ ಉಳಿಯುವುದನ್ನು ದೀರ್ಘಸ್ಥಾಯಿ ಸೋಂಕು ಎಂದು ಕರೆಯುತ್ತದೆ. ಇದನ್ನು ‘ನೆಲೆಯೂರಿದ ಸೋಂಕು’ ಎಂದು ಹೇಳಬಹುದು. ಇಂತಹ ಸೋಂಕುಗಳು ಹೇಗೆ ಉಳಿಯುತ್ತವೆ, ಹೇಗೆ ಹರಡುತ್ತವೆ ಎಂಬುದನ್ನು ವಿವರಿಸುವುದು ಹಾಗೂ ಅವುಗಳ ಉಳಿವಿನಲ್ಲಿ ವೈರಾಣುವಿನಷ್ಟೇ ಮನುಷ್ಯರ ಬದುಕಿನ ವ್ಯವಸ್ಥೆಯೂ ಪಾಲುಗೊಳ್ಳುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೨. ಒಂದು ಹೆಸರು, ಎರಡು ರೋಗ

‘ಹಂದಿಜ್ವರ’ ಎಂಬ ಹೆಸರಿನಲ್ಲಿ ಪರಸ್ಪರ ಸಂಬಂಧವೇ ಇಲ್ಲದ ಎರಡು ರೋಗಗಳು ಸೇರಿಕೊಂಡಿವೆ. ಮೊದಲನೆಯದು ಸಾಂಪ್ರದಾಯಿಕ ಹಂದಿಜ್ವರ. ೧೮೩೦ರ ದಶಕದಲ್ಲಿ ಅಮೆರಿಕದ ಒಹಾಯೊ ಪ್ರದೇಶದಲ್ಲಿ ಇದನ್ನು ಗುರುತಿಸಲಾಯಿತು. ‘ಹಂದಿ ಕಾಲರಾ’ ಎಂಬ ಹೆಸರೂ ಇದಕ್ಕಿತ್ತು. ೧೮೮೦ರ ದಶಕದಲ್ಲಿ ಬ್ಯಾಕ್ಟೀರಿಯಾವೊಂದನ್ನು ಇದರ ಕಾರಣವೆಂದು ತಪ್ಪಾಗಿ ಭಾವಿಸಲಾಗಿತ್ತು. ೧೯೦೩ರ ಸುಮಾರಿಗೆ ಡಿ ಶ್ವೈನಿಟ್ಜ್ ಮತ್ತು ಡಾರ್ಸೆಟ್ ಎಂಬ ವಿಜ್ಞಾನಿಗಳು ರೋಗಕಾರಕವು ಬ್ಯಾಕ್ಟೀರಿಯಾಗಳನ್ನು ತಡೆಯುವ ಶೋಧಕವನ್ನೂ ದಾಟಿಹೋಗುವಷ್ಟು ಸೂಕ್ಷ್ಮವಾದುದೆಂದು ತೋರಿಸಿದರು. ಇದು ಆರ್.ಎನ್.ಎ. ವೈರಾಣು.

ಎರಡನೆಯದು ಆಫ್ರಿಕನ್ ಹಂದಿಜ್ವರ. ಕೀನ್ಯಾದಲ್ಲಿ ಯುರೋಪಿಯನ್ ವಲಸಿಗರು ಸಾಕಿದ ಹಂದಿಗಳು ಸಾಮೂಹಿಕವಾಗಿ ಸತ್ತುದನ್ನು ಪರಿಶೀಲಿಸಿ ಮಾಂಟ್ಗೊಮೆರಿ ಎಂಬ ಪಶುವೈದ್ಯನು ೧೯೨೧ರಲ್ಲಿ ಇದನ್ನು ಮೊದಲ ಬಾರಿಗೆ ಪ್ರತ್ಯೇಕ ರೋಗವೆಂದು ವಿವರಿಸಿದನು. ಇದು ಡಿ.ಎನ್.ಎ. ವೈರಾಣು. ಸಾಂಪ್ರದಾಯಿಕ ಹಂದಿಜ್ವರದ ಲಸಿಕೆ ಇದಕ್ಕೆ ಕಿಂಚಿತ್ತೂ ಉಪಯೋಗವಾಗುವುದಿಲ್ಲ.

ತೀವ್ರ ಜ್ವರ, ಮೇವು ಬಿಡುವುದು, ಕಿವಿ ಮತ್ತು ಹೊಟ್ಟೆಯ ಚರ್ಮ ನೇರಳೆಗೆ ತಿರುಗುವುದು, ಒಳ ರಕ್ತಸ್ರಾವ, ಸಾವು ಇವು ಎರಡರಲ್ಲಿಯೂ ಸಮಾನವಾಗಿವೆ. ಕಣ್ಣಿನಿಂದ ನೋಡಿ ಇವೆರಡನ್ನು ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಸಾಧ್ಯವಾಗುವುದಿಲ್ಲ. ಪ್ರಯೋಗಾಲಯದ ಪರೀಕ್ಷೆ ಅನಿವಾರ್ಯ. ಇವೆರಡೂ ಮನುಷ್ಯರಿಗೆ ತಗುಲುವುದಿಲ್ಲ ಎಂಬ ಅಂಶವನ್ನು ಇಲ್ಲಿ ಒತ್ತಿ ಹೇಳಬೇಕಾಗುತ್ತದೆ. ಏಕೆಂದರೆ ರೋಗದ ಸುದ್ದಿ ಹಬ್ಬಿದೊಡನೆ ಹಂದಿಯ ಜೊತೆಗೆ ಹಂದಿ ಸಾಕುವವರನ್ನೂ ದೂರವಿಡುವ ಪ್ರವೃತ್ತಿಗೆ ವೈಜ್ಞಾನಿಕ ಆಧಾರವಿಲ್ಲ.

೩. ಸೋಂಕು ನೆಲೆಯೂರುವ ಬಗೆಗಳು

ನೆಲೆಯೂರುವಿಕೆಯ ವಿಧಾನ ಎಲ್ಲ ವೈರಾಣುಗಳಲ್ಲಿಯೂ ಒಂದೇ ಆಗಿಲ್ಲ. ಮುಖ್ಯವಾಗಿ ನಾಲ್ಕು ಬಗೆಗಳನ್ನು ಗುರುತಿಸಬಹುದು.

ಮೊದಲನೆಯದು ಗರ್ಭದಲ್ಲಿಯೇ ತಗುಲುವ ಸೋಂಕು. ಹಂದಿಯ ಗರ್ಭಾವಧಿ ಸುಮಾರು ೧೧೪ ದಿನಗಳು. ಇದರಲ್ಲಿ ಹೆಚ್ಚುಕಡಿಮೆ ೫೦ರಿಂದ ೭೦ನೆಯ ದಿನದ ನಡುವೆ ತಾಯಿಗೆ ಸಾಂಪ್ರದಾಯಿಕ ಹಂದಿಜ್ವರದ ವೈರಾಣು ತಗುಲಿದರೆ, ಆ ವೇಳೆಗೆ ಮರಿಯ ರೋಗನಿರೋಧಕ ವ್ಯವಸ್ಥೆ ತನ್ನದು ಯಾವುದು, ಪರಕೀಯವಾದುದು ಯಾವುದು ಎಂಬುದನ್ನು ಇನ್ನೂ ಕಲಿಯುತ್ತಿರುತ್ತದೆ. ಹೀಗಾಗಿ ಅದು ವೈರಾಣುವನ್ನು ತನ್ನ ದೇಹದ ಭಾಗವೆಂದೇ ಒಪ್ಪಿಕೊಳ್ಳುತ್ತದೆ. ಹುಟ್ಟುವಾಗ ಮರಿ ಆರೋಗ್ಯವಾಗಿಯೇ ಕಾಣಬಹುದು. ಅದರ ರಕ್ತದಲ್ಲಿ ಪ್ರತಿಕಾಯಗಳಿರುವುದಿಲ್ಲವಾದ್ದರಿಂದ ಪ್ರತಿಕಾಯ ಪರೀಕ್ಷೆಯೂ ಸೋಂಕನ್ನು ಪತ್ತೆಹಚ್ಚುವುದಿಲ್ಲ, ವೈರಾಣುವನ್ನೇ ಹುಡುಕಬೇಕಾಗುತ್ತದೆ. ಅಂತಹ ಮರಿಯು ಬೆಳವಣಿಗೆ ಕುಂಠಿತವಾಗಿ ತಿಂಗಳುಗಳ ನಂತರ ಸಾಯುತ್ತದೆ. ಕೆಲವು ಹನ್ನೊಂದು ತಿಂಗಳವರೆಗೂ ಬದುಕಬಲ್ಲವು. ಆ ಅವಧಿಯುದ್ದಕ್ಕೂ ಅದರ ಜೊಲ್ಲು, ಮೂತ್ರ, ಸಗಣಿಗಳಲ್ಲಿ ವೈರಾಣು ಹೊರಬೀಳುತ್ತಲೇ ಇರುತ್ತದೆ. ಸಂತೆಯಲ್ಲಿ ಲಕ್ಷಣವಾಗಿ ಕಂಡ ಮರಿಯೊಂದು ಹೊಸ ದೊಡ್ಡಿಗೆ ರೋಗವನ್ನು ತರುವುದು ಹೀಗೆ.

ಎರಡನೆಯದು ದೇಹದ ರಕ್ಷಣಾ ಅಂಗಾಂಶಗಳಲ್ಲಿಯೇ ಅಡಗುವ ಸೋಂಕು. ೧೯೮೭ರಲ್ಲಿ ಅಮೆರಿಕದಲ್ಲಿ ಕಂಡುಬಂದು, ಕಾರಣ ತಿಳಿಯದೆ ಕೆಲಕಾಲ ‘ನಿಗೂಢ ಹಂದಿರೋಗ’ ಎನಿಸಿಕೊಂಡಿದ್ದ ಸಂತಾನೋತ್ಪತ್ತಿ ಮತ್ತು ಉಸಿರಾಟದ ರೋಗ, ಅಂದರೆ ‘ಪಿ.ಆರ್.ಆರ್.ಎಸ್.’, ಇದಕ್ಕೆ ನಿದರ್ಶನ. ೧೯೯೧ರಲ್ಲಿ ನೆದರ್ಲೆಂಡ್ಸ್‌ನ ಲೆಲಿಸ್ಟಾಡ್‌ನಲ್ಲಿ ಇದರ ವೈರಾಣುವನ್ನು ಬೇರ್ಪಡಿಸಲಾಯಿತು. ಗರ್ಭಪಾತ, ಸತ್ತ ಮರಿಗಳ ಜನನ, ಎಳೆಯ ಮರಿಗಳಲ್ಲಿ ಉಸಿರಾಟದ ತೊಂದರೆ ಇದರ ಲಕ್ಷಣಗಳು. ಹಂದಿ ಚೇತರಿಸಿಕೊಂಡು ರಕ್ತದಿಂದ ವೈರಾಣು ಮರೆಯಾದ ಮೇಲೆಯೂ ಗಂಟಲಿನ ಟಾನ್ಸಿಲ್ ಮತ್ತು ದುಗ್ಧಗ್ರಂಥಿಗಳಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಗಂಡುಹಂದಿಯ ವೀರ್ಯದ ಮೂಲಕವೂ ಹರಡುತ್ತದೆ. ಭಾರತದಲ್ಲಿ ೨೦೧೩ರಲ್ಲಿ ಮಿಜೋರಾಂ ರಾಜ್ಯದಲ್ಲಿ ಈ ರೋಗ ತೀವ್ರವಾಗಿ ಕಾಣಿಸಿಕೊಂಡಿತು.

ಮೂರನೆಯದು ನರಗಳಲ್ಲಿ ಮಲಗುವ ಸೋಂಕು. ಹಂಗೇರಿಯ ಔಯೆಸ್ಕಿ ಎಂಬ ವಿಜ್ಞಾನಿಯು ೧೯೦೨ರಲ್ಲಿ ವಿವರಿಸಿದ, ಆತನ ಹೆಸರಿನಿಂದಲೇ ಕರೆಯಲ್ಪಡುವ ರೋಗದ ವೈರಾಣು ಹರ್ಪಿಸ್ ಗುಂಪಿಗೆ ಸೇರಿದುದು. ಅದು ಮುಖದ ನರಗ್ರಂಥಿಯಲ್ಲಿ ಸುಪ್ತವಾಗಿ ಉಳಿಯುತ್ತದೆ. ದೂರದ ಸಾಗಣೆ, ಹೆರಿಗೆ, ಇಕ್ಕಟ್ಟಾದ ವಾಸ ಮುಂತಾದ ಒತ್ತಡಗಳು ಒದಗಿದಾಗ ಎಚ್ಚರಗೊಂಡು ಮತ್ತೆ ಹೊರಸೂಸುತ್ತದೆ. ಇಲ್ಲಿ ರೋಗ ಹೊರಗಿನಿಂದ ಬರಬೇಕಾದ ಅಗತ್ಯವೇ ಇಲ್ಲ. ಹಳೆಯ ಸೋಂಕೇ ಹೊಸದಾಗಿ ಕಾಣಿಸಿಕೊಳ್ಳುತ್ತದೆ.

ನಾಲ್ಕನೆಯದು ಹಂದಿಯ ದೇಹದ ಹೊರಗಿನ ನೆಲೆ. ಆಫ್ರಿಕದ ವಾರ್ಟ್‌ಹಾಗ್ ಎಂಬ ಕಾಡುಹಂದಿಯು ಬಿಲಗಳಲ್ಲಿ ಮರಿಹಾಕುತ್ತದೆ. ಆ ಬಿಲಗಳ ಸಂದುಗಳಲ್ಲಿ ಮೆದು ಚರ್ಮದ ಉಣ್ಣೆಗಳು ವಾಸಿಸುತ್ತವೆ. ಸೋಂಕಿರುವ ಉಣ್ಣೆ ಕಚ್ಚಿದಾಗ ಎಳೆಯ ಮರಿಗಳಿಗೆ ಆಫ್ರಿಕನ್ ಹಂದಿಜ್ವರದ ವೈರಾಣು ತಗುಲುತ್ತದೆ. ಕೆಲವು ವಾರ ಅದು ರಕ್ತದಲ್ಲಿ ಸಂಚರಿಸುವಾಗ ಬೇರೆ ಉಣ್ಣೆಗಳು ಅದನ್ನು ಹೀರಿಕೊಳ್ಳುತ್ತವೆ. ಮರಿಗೆ ರೋಗಲಕ್ಷಣ ಕಾಣಿಸುವುದೇ ಇಲ್ಲ. ಉಣ್ಣೆಗಳು ಪರಸ್ಪರ ಕೂಡುವಾಗಲೂ ಮೊಟ್ಟೆಗಳ ಮೂಲಕವೂ ವೈರಾಣುವನ್ನು ಮುಂದಿನ ತಲೆಮಾರಿಗೆ ದಾಟಿಸುತ್ತವೆ. ಈ ಕಾಡುಹಂದಿ ಮತ್ತು ಉಣ್ಣೆಗಳ ನಡುವಿನ ಹಳೆಯ ಹೊಂದಾಣಿಕೆ ಎರಡಕ್ಕೂ ಹೆಚ್ಚಿನ ಹಾನಿ ಮಾಡುವುದಿಲ್ಲ. ಅದೇ ವೈರಾಣು ಸಾಕುಹಂದಿಗೆ ತಗುಲಿದಾಗ ಮಾತ್ರ ಹಿಂಡಿಗೆ ಹಿಂಡೇ ನಾಶವಾಗುತ್ತದೆ. ಆಫ್ರಿಕನ್ ಹಂದಿಜ್ವರದಿಂದ ಬದುಕುಳಿದ ಸಾಕುಹಂದಿಗಳು ಎಷ್ಟರಮಟ್ಟಿಗೆ ರೋಗವಾಹಕಗಳಾಗುತ್ತವೆ ಎಂಬ ವಿಷಯದಲ್ಲಿ ಸಂಶೋಧಕರಲ್ಲಿ ಭಿನ್ನಾಭಿಪ್ರಾಯಗಳಿವೆ.

೪. ಹರಡುವ ದಾರಿಗಳು

ಹಂದಿಯಿಂದ ಹಂದಿಗೆ ಮೂತಿ ತಾಗುವುದು, ಒಂದೇ ಬಾನಿಯಲ್ಲಿ ತಿನ್ನುವುದು, ಒಂದೇ ಸೂಜಿಯಿಂದ ಹಲವಕ್ಕೆ ಚುಚ್ಚುವುದು ಇವು ಹತ್ತಿರದ ದಾರಿಗಳು. ದೂರಕ್ಕೆ ಸೋಂಕನ್ನು ಒಯ್ಯುವವನು ಬಹುತೇಕ ಮನುಷ್ಯನೇ. ಲಾರಿಯ ಹಲಗೆ, ಚಪ್ಪಲಿಗೆ ಮೆತ್ತಿದ ಕೆಸರು, ಕಟುಕರ ಕತ್ತಿ, ದಲ್ಲಾಳಿಗಳ ತಿರುಗಾಟ, ಎಲ್ಲಕ್ಕೂ ಮಿಗಿಲಾಗಿ ಮುಸುರೆ ಇಲ್ಲಿ ಮುಖ್ಯವಾಗುತ್ತವೆ.

ಮುಸುರೆಯ ಪಾತ್ರವನ್ನು ಚರಿತ್ರೆಯೇ ದಾಖಲಿಸಿದೆ. ೧೯೫೭ರಲ್ಲಿ ಆಫ್ರಿಕನ್ ಹಂದಿಜ್ವರವು ಮೊದಲ ಬಾರಿಗೆ ತನ್ನ ಖಂಡವನ್ನು ದಾಟಿ ಪೋರ್ಚುಗಲ್ಲಿನ ಲಿಸ್ಬನ್ ಸಮೀಪ ಕಾಣಿಸಿಕೊಂಡಿತು. ವಿಮಾನಗಳಲ್ಲಿ ಉಳಿದ ಊಟವನ್ನು ವಿಮಾನ ನಿಲ್ದಾಣದ ಬಳಿಯ ಹಂದಿಗಳಿಗೆ ಹಾಕಿದ್ದೇ ಇದಕ್ಕೆ ಕಾರಣವೆಂದು ಹೇಳಲಾಗಿದೆ. ೧೯೬೦ರಲ್ಲಿ ಮತ್ತೆ ಬಂದ ರೋಗ ಸ್ಪೇನಿಗೂ ಹಬ್ಬಿ, ಆ ಪರ್ಯಾಯ ದ್ವೀಪದಲ್ಲಿ ೧೯೯೦ರ ದಶಕದವರೆಗೂ ಉಳಿಯಿತು. ಹಳೆಯ ಹಂದಿದೊಡ್ಡಿಗಳ ಗೋಡೆಯ ಬಿರುಕುಗಳಲ್ಲಿದ್ದ ಉಣ್ಣೆಗಳು ಅಲ್ಲಿ ವೈರಾಣುವಿಗೆ ಆಸರೆಯಾದವು. ೨೦೦೭ರಲ್ಲಿ ಜಾರ್ಜಿಯಾ ದೇಶದ ಪೋಟಿ ಬಂದರಿನ ಪ್ರದೇಶದಲ್ಲಿ ರೋಗ ಕಂಡುಬಂದಾಗಲೂ ಹಡಗಿನ ಆಹಾರ ತ್ಯಾಜ್ಯದ ಮೇಲೆಯೇ ಸಂಶಯ ಮೂಡಿತು. ಅಲ್ಲಿಂದ ಪೂರ್ವ ಯುರೋಪಿಗೆ ಹರಡಿ, ೨೦೧೮ರ ಆಗಸ್ಟ್‌ನಲ್ಲಿ ಚೀನಾವನ್ನು ಪ್ರವೇಶಿಸಿ, ೨೦೨೦ರಲ್ಲಿ ಭಾರತದ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ದೃಢಪಟ್ಟಿತು.

ಸಾಗಣೆಯ ಪಾತ್ರಕ್ಕೆ ನೆದರ್ಲೆಂಡ್ಸ್ ಉದಾಹರಣೆಯಾಗಿದೆ. ೧೯೯೭–೯೮ರಲ್ಲಿ ಅಲ್ಲಿ ಸಾಂಪ್ರದಾಯಿಕ ಹಂದಿಜ್ವರ ಹರಡಿದಾಗ ಒಂದು ಕೋಟಿಗೂ ಹೆಚ್ಚು ಹಂದಿಗಳನ್ನು ಕೊಲ್ಲಬೇಕಾಯಿತು. ಸರಿಯಾಗಿ ತೊಳೆಯದ ಸಾಗಣೆ ಲಾರಿಯ ಮೂಲಕ ವೈರಾಣು ಒಳಬಂದಿರಬೇಕೆಂದು ತನಿಖೆಗಳು ಅಭಿಪ್ರಾಯಪಟ್ಟವು. ಅತ್ಯಾಧುನಿಕ ಸಾಕಣೆಯ ದೇಶವೂ ಇದರಿಂದ ಹೊರತಾಗಿರಲಿಲ್ಲ ಎಂಬುದು ಗಮನಾರ್ಹ. ಸೋಂಕಿನ ಹೊಣೆಯನ್ನು ಕೇವಲ ಬಡ ಸಾಕಣೆದಾರರ ‘ಅಶುಚಿ’ಗೆ ಕಟ್ಟುವ ವಾದ ಇದರಿಂದ ನಿಲ್ಲದಾಗುತ್ತದೆ.

೫. ಎರಡು ದ್ವೀಪಗಳ ಅನುಭವ

ಸೋಂಕಿನ ಉಳಿವು ಸಮಾಜದ ರಚನೆಯೊಡನೆ ಹೇಗೆ ಹೆಣೆದುಕೊಂಡಿದೆ ಎಂಬುದನ್ನು ಎರಡು ದ್ವೀಪಗಳ ಚರಿತ್ರೆ ಸ್ಪಷ್ಟಪಡಿಸುತ್ತದೆ.

ಇಟಲಿಯ ಸಾರ್ಡಿನಿಯಾ ದ್ವೀಪಕ್ಕೆ ಆಫ್ರಿಕನ್ ಹಂದಿಜ್ವರ ೧೯೭೮ರಲ್ಲಿ ಬಂದಿತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅಲ್ಲಿ ಉಳಿಯಿತು. ಇಲ್ಲಿ ಉಣ್ಣೆಗಳ ಪಾತ್ರ ಕಂಡುಬಂದಿಲ್ಲ. ಗುಡ್ಡಗಾಡಿನ ಸಾಮುದಾಯಿಕ ಭೂಮಿಯಲ್ಲಿ ಹಂದಿಗಳನ್ನು ಸ್ವತಂತ್ರವಾಗಿ ಮೇಯಲು ಬಿಡುವುದು ಅಲ್ಲಿಯ ಪುರಾತನ ಪದ್ಧತಿ. ಸರ್ಕಾರ ಅದನ್ನು ನಿಷೇಧಿಸಿದರೂ ಪದ್ಧತಿ ನಿಲ್ಲಲಿಲ್ಲ. ಲೆಕ್ಕಕ್ಕೆ ಸಿಗದ ಹಂದಿಗಳು ಕಾಡುಹಂದಿಗಳೊಡನೆ ಬೆರೆತು ವೈರಾಣುವನ್ನು ಉಳಿಸಿದವು. ೨೦೧೫ರ ನಂತರ ಬಿಡುಹಂದಿಗಳ ನಿಯಂತ್ರಣದ ಜೊತೆಗೆ ಸಾಕಣೆದಾರರಿಗೆ ತಿಳಿವಳಿಕೆ ನೀಡುವ ಮತ್ತು ನೋಂದಾಯಿತ ಸಾಕಣೆಯನ್ನು ಪ್ರೋತ್ಸಾಹಿಸುವ ಕ್ರಮಗಳನ್ನು ಒಟ್ಟಾಗಿ ಕೈಗೊಂಡ ಮೇಲೆ ಪರಿಸ್ಥಿತಿ ಬದಲಾಯಿತು. ೨೦೨೪ರಲ್ಲಿ ಯುರೋಪಿಯನ್ ಒಕ್ಕೂಟವು ದ್ವೀಪದ ಮೇಲಿದ್ದ ನಿರ್ಬಂಧಗಳನ್ನು ತೆಗೆದುಹಾಕಿತು.

ಹೈಟಿಯ ಅನುಭವ ಇದಕ್ಕಿಂತ ಕಹಿಯಾದುದು. ಅಲ್ಲಿಯ ರೈತರು ಸಾಕುತ್ತಿದ್ದ ಚಿಕ್ಕ ಕಪ್ಪು ‘ಕ್ರಿಯೋಲ್’ ಹಂದಿ ಕುಟುಂಬದ ಉಳಿತಾಯವಾಗಿತ್ತು. ಮಕ್ಕಳ ಶಾಲೆಯ ಖರ್ಚು, ಮದುವೆ, ಅಂತ್ಯಕ್ರಿಯೆಗಳಿಗೆ ಅದನ್ನು ಮಾರುತ್ತಿದ್ದರು. ೧೭೯೧ರಲ್ಲಿ ಗುಲಾಮರ ಬಂಡಾಯಕ್ಕೆ ನಾಂದಿಯಾದ ಬ್ವಾ ಕೈಮನ್ ಸಭೆಯಲ್ಲಿ ಕಪ್ಪುಹಂದಿಯನ್ನು ಬಲಿಕೊಟ್ಟರೆಂಬ ಐತಿಹ್ಯವಿದ್ದು, ವೋಡೂ ಆರಾಧನೆಯಲ್ಲಿಯೂ ಅದಕ್ಕೆ ಸ್ಥಾನವಿತ್ತು. ನೆರೆಯ ಡೊಮಿನಿಕನ್ ಗಣರಾಜ್ಯಕ್ಕೆ ೧೯೭೮ರಲ್ಲಿ, ಹೈಟಿಗೆ ಅದರ ಬೆನ್ನಿಗೇ ರೋಗ ಬಂದಿತು. ೧೯೮೨–೮೩ರಲ್ಲಿ ವಿದೇಶೀ ನೆರವಿನ ಯೋಜನೆಯೊಂದು ದೇಶದ ಹಂದಿಗಳನ್ನೆಲ್ಲ ಕೊಲ್ಲಿಸಿತು. ಬದಲಿಗೆ ಅಮೆರಿಕದಿಂದ ತರಿಸಿದ ತಳಿಗಳಿಗೆ ಸಿಮೆಂಟಿನ ನೆಲ, ಶುದ್ಧ ನೀರು, ಕೊಂಡುತಂದ ಆಹಾರ ಬೇಕಾಗಿತ್ತು. ತಮಗೇ ಅಷ್ಟು ಸೌಕರ್ಯಗಳಿಲ್ಲದ ಜನ ಅವುಗಳನ್ನು ‘ನಾಲ್ಕು ಕಾಲಿನ ರಾಜಕುಮಾರರು’ ಎಂದು ಲೇವಡಿ ಮಾಡಿದರು. ವೈರಾಣುವಿನ ದೃಷ್ಟಿಯಿಂದ ಯೋಜನೆ ಸಫಲವಾಯಿತು. ರೈತರ ಉಳಿತಾಯ ಮಾತ್ರ ಅಳಿಸಿಹೋಯಿತು. ೨೦೨೧ರಲ್ಲಿ ಎರಡೂ ದೇಶಗಳಲ್ಲಿ ರೋಗ ಮರುಕಳಿಸಿತು.

ರೋಗವನ್ನು ಹೊರಹಾಕುವ ಕ್ರಮವು ಜನರ ಬದುಕನ್ನು ಲೆಕ್ಕಕ್ಕೆ ತೆಗೆದುಕೊಂಡಿತೇ ಇಲ್ಲವೇ ಎಂಬುದರಲ್ಲಿ ಈ ಎರಡು ಪ್ರಸಂಗಗಳು ಭಿನ್ನವಾಗಿವೆ.

೬. ಭಾರತೀಯ ಸಂದರ್ಭ

೨೦೧೯ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿದ್ದ ಹಂದಿಗಳ ಸಂಖ್ಯೆ ಸುಮಾರು ೯೦.೬ ಲಕ್ಷ. ಅವುಗಳಲ್ಲಿ ಸುಮಾರು ೨೧ ಲಕ್ಷ ಅಸ್ಸಾಂ ಒಂದರಲ್ಲಿಯೇ ಇದ್ದವು. ಈಶಾನ್ಯದ ಬುಡಕಟ್ಟುಗಳಲ್ಲಿ ಹಂದಿಯು ಆಹಾರ ಮಾತ್ರವಲ್ಲ. ಮದುವೆ, ಹಬ್ಬ, ದಂಡ ತೆರುವ ಕ್ರಮ ಮುಂತಾದ ಸಾಮಾಜಿಕ ವ್ಯವಹಾರಗಳ ಅಂಗವೂ ಆಗಿದೆ. ಮಿಸಿಂಗ್ ಜನರ ಬಿತ್ತನೆಯ ಹಬ್ಬವಾದ ಆಲಿ ಆಯೆ ಲಿಗಾಂಗ್‌ನಲ್ಲಿ ಅಕ್ಕಿಯ ಮದ್ಯದೊಡನೆ ಹಂದಿಮಾಂಸ ಬಡಿಸಲಾಗುತ್ತದೆ. ಮದ್ಯ ತಯಾರಿಸಿ ಉಳಿದ ಅಕ್ಕಿಯ ಗಷ್ಟನ್ನು ಹಂದಿಗೇ ಹಾಕುವುದು ಅಲ್ಲಿ ಸಾಮಾನ್ಯ. ಭೋಪಾಲಿನ ಉನ್ನತ ಸುರಕ್ಷಾ ಪಶುರೋಗ ಪ್ರಯೋಗಾಲಯವು ೨೦೨೦ರಲ್ಲಿ ಆಫ್ರಿಕನ್ ಹಂದಿಜ್ವರವನ್ನು ದೃಢಪಡಿಸಿದಾಗ, ಹಿತ್ತಿಲಲ್ಲಿ ಎರಡು ಮೂರು ಹಂದಿ ಕಟ್ಟಿಕೊಂಡಿದ್ದ ಇಂತಹ ಕುಟುಂಬಗಳೇ ಮೊದಲು ಪೆಟ್ಟು ತಿಂದವು.

ದಕ್ಷಿಣದಲ್ಲಿ ೨೦೨೨ರ ಜುಲೈ ತಿಂಗಳಿನಲ್ಲಿ ಕೇರಳದ ವಯನಾಡಿನಲ್ಲಿ ರೋಗ ದೃಢಪಟ್ಟಿತು. ವಯನಾಡು ಜಿಲ್ಲೆಯು ಕೊಡಗು ಹಾಗೂ ಮೈಸೂರು ಜಿಲ್ಲೆಗಳಿಗೆ ಹೊಂದಿಕೊಂಡಿದೆ. ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಂದು ಹಂದಿಕರಿ ಮತ್ತು ಕಡಂಬುಟ್ಟು ಮನೆಮನೆಯ ಅಡುಗೆ. ತುಳುನಾಡಿನಲ್ಲಿ ಪಂಜುರ್ಲಿಯು ಹಂದಿರೂಪದ ದೈವವಾಗಿ ಆರಾಧನೆ ಪಡೆಯುತ್ತದೆ. ಹಂದಿಜೋಗಿ, ಕೊರಮ, ಕೊರಚ ಸಮುದಾಯಗಳಲ್ಲಿ ಹಂದಿ ಸಾಕಣೆಯು ಬದುಕಿನ ಆಧಾರಗಳಲ್ಲಿ ಒಂದಾಗಿ ಬಂದಿದೆ. ಪೂಜೆಯಲ್ಲಿ ಹಂದಿಗೆ ದೊರೆತಿರುವ ಗೌರವ ಅದನ್ನು ಸಾಕುವವರಿಗೆ ದೊರೆತಿಲ್ಲವೆಂಬುದು ಕಹಿ ಸತ್ಯ. ಊರ ಅಂಚಿನಲ್ಲಿ ಇವರ ಗುಡಿಸಲುಗಳಿರುತ್ತವೆ. ಊರು ಎಸೆದ ಮುಸುರೆಯೇ ಇವರ ಹಂದಿಗಳಿಗೆ ಮೇವಾಗುತ್ತದೆ. ಮದುವೆ ಮಂಟಪ ಮತ್ತು ಹೋಟೆಲುಗಳ ಉಳಿಕೆ ಅನ್ನವನ್ನು ಇವರು ಒಯ್ಯುತ್ತಾರೆ. ಊರಿನ ಶುಚಿತ್ವಕ್ಕೆ ಇದು ಸಲ್ಲಿಸಿದ ಸೇವೆಯೆಂದು ಯಾರೂ ಲೆಕ್ಕಹಾಕುವುದಿಲ್ಲ. ರೋಗ ಬಂದಾಗ ಮಾತ್ರ ದೋಷ ಇವರ ಮೇಲೆ ಬೀಳುತ್ತದೆ.

೨೦೦೯ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯಿದೆಯ ಅನ್ವಯ ರೋಗದ ಸಂಶಯ ಬಂದೊಡನೆ ತಿಳಿಸುವುದು ಮಾಲೀಕನ ಕರ್ತವ್ಯವಾಗಿದೆ. ಆಫ್ರಿಕನ್ ಹಂದಿಜ್ವರ ದೃಢಪಟ್ಟಲ್ಲಿ ಒಂದು ಕಿಲೋಮೀಟರ್ ವ್ಯಾಪ್ತಿಯನ್ನು ಸೋಂಕಿತ ವಲಯವೆಂದೂ ಹತ್ತು ಕಿಲೋಮೀಟರ್ ವ್ಯಾಪ್ತಿಯನ್ನು ಕಣ್ಗಾವಲು ವಲಯವೆಂದೂ ಘೋಷಿಸಿ, ಸೋಂಕಿತ ವಲಯದ ಹಂದಿಗಳನ್ನು ಕೊಂದು ಹೂಳಲಾಗುತ್ತದೆ; ಪರಿಹಾರವನ್ನೂ ನಿಗದಿಪಡಿಸಲಾಗಿದೆ. ಆದರೆ ಒಂದೇ ಒಂದು ತಾಯಿಹಂದಿಯನ್ನು ನೆಚ್ಚಿಕೊಂಡ ಕುಟುಂಬಕ್ಕೆ ಸುದ್ದಿ ತಿಳಿಸುವುದೆಂದರೆ ಬದುಕನ್ನು ಕಳೆದುಕೊಳ್ಳುವುದೆಂಬ ಭಯವಿರುತ್ತದೆ. ಹಿಂಡಿನಲ್ಲಿ ಒಂದು ಸತ್ತೊಡನೆ ಉಳಿದವನ್ನು ಸಿಕ್ಕ ಬೆಲೆಗೆ ಮಾರುವುದು, ಸತ್ತದ್ದನ್ನು ಹಳ್ಳಕ್ಕೆ ಎಸೆಯುವುದು ಈ ಭಯದಿಂದ ಹುಟ್ಟುವ ನಡವಳಿಕೆಗಳು. ಮೇಲುನೋಟಕ್ಕೆ ಆರೋಗ್ಯವಾಗಿರುವ, ಆದರೆ ಸೋಂಕು ಹೊತ್ತ ಹಂದಿಯೂ ಹೀಗೆಯೇ ಊರಿಂದೂರಿಗೆ ಸಾಗುತ್ತದೆ. ಪರಿಹಾರ ತಡವಾದಷ್ಟೂ ಮುಚ್ಚಿಡುವಿಕೆ ಹೆಚ್ಚುತ್ತದೆ. ಮುಚ್ಚಿಡುವಿಕೆ ಹೆಚ್ಚಿದಷ್ಟೂ ಸೋಂಕು ನೆಲೆಯೂರುತ್ತದೆ.

ಸಾಂಪ್ರದಾಯಿಕ ಹಂದಿಜ್ವರದ ಮಟ್ಟಿಗೆ ಲಸಿಕೆಯ ಆಸರೆಯಿದೆ. ಹಿಂದೆ ಮೊಲಗಳನ್ನು ಕೊಂದು ಅವುಗಳ ಅಂಗಾಂಶದಿಂದ ಲಸಿಕೆ ಸಿದ್ಧಪಡಿಸಲಾಗುತ್ತಿದ್ದು, ಅಗತ್ಯವಿರುವಷ್ಟು ಪ್ರಮಾಣದಲ್ಲಿ ದೊರೆಯುತ್ತಿರಲಿಲ್ಲ. ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯು ಜೀವಕೋಶ ಕೃಷಿಯಿಂದ ತಯಾರಿಸಿದ ಲಸಿಕೆ ೨೦೨೦ರಲ್ಲಿ ಬಿಡುಗಡೆಯಾಯಿತು. ಆಫ್ರಿಕನ್ ಹಂದಿಜ್ವರಕ್ಕೆ ವಿಯೆಟ್ನಾಂ ೨೦೨೩ರಲ್ಲಿ ಲಸಿಕೆಯ ವಾಣಿಜ್ಯ ಬಳಕೆಗೆ ಅನುಮತಿ ನೀಡಿದೆಯಾದರೂ ಅದಕ್ಕೆ ಜಗತ್ತಿನಾದ್ಯಂತ ಮನ್ನಣೆ ದೊರೆತಿಲ್ಲ. ಆದ್ದರಿಂದ ಮುಸುರೆಯನ್ನು ಕುದಿಸಿ ಹಾಕುವುದು, ಹೊಸದಾಗಿ ತಂದ ಹಂದಿಯನ್ನು ಕೆಲವು ವಾರ ಬೇರೆಯಾಗಿ ಕಟ್ಟುವುದು, ದೊಡ್ಡಿಯೊಳಗೆ ಹೊರಗಿನವರ ಓಡಾಟ ತಡೆಯುವುದು ಇವೇ ಮುಖ್ಯ ರಕ್ಷಣೆಗಳಾಗಿವೆ. ಮುಸುರೆಯನ್ನು ಕಲಕುತ್ತ ೯೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಗಂಟೆ ಕಾಯಿಸಿದರೆ ವೈರಾಣು ನಾಶವಾಗುತ್ತದೆ. ಸೌದೆಗೆ ಹಣ ತೆರಬೇಕಾದ ಕುಟುಂಬಕ್ಕೆ ಇದೂ ಹೊರೆಯೇ ಎಂಬುದನ್ನು ಯೋಜನೆ ರೂಪಿಸುವವರು ಮರೆಯುವಂತಿಲ್ಲ.

೭. ಸಮಾರೋಪ

ಜನಪದರ ಗಡಿಯ ಪರಿಕಲ್ಪನೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಅದರಲ್ಲಿಯೇ ಆಧುನಿಕ ವಿಜ್ಞಾನವೆಲ್ಲ ಅಡಗಿದೆಯೆಂದು ಹೊಗಳುವುದೂ ಅಷ್ಟೇ ಸುಲಭ. ಎರಡೂ ನಿಲುವುಗಳು ವಾಸ್ತವದಿಂದ ದೂರ. ಮಾರಿಯನ್ನು ಗಡಿ ದಾಟಿಸುವ ಆಚರಣೆ ರೋಗ ಊರಿಂದೂರಿಗೆ ಚಲಿಸುತ್ತದೆ ಎಂಬ ಅನುಭವವನ್ನು ಹಿಡಿದಿಟ್ಟಿದೆ. ಹೊರಬೀಡು ಇಡೀ ಊರು ಒಟ್ಟಾಗಿ, ಒಂದೇ ದಿನ, ಯಾರನ್ನೂ ಹೊರತುಪಡಿಸದೆ ಪಾಲಿಸುವ ಶಿಸ್ತನ್ನು ಕಲಿಸಿದೆ. ಆದರೆ ರೋಗ ಹೊರಟುಹೋದ ಮೇಲೆಯೂ ಆರೋಗ್ಯವಂತ ಮರಿಯೊಳಗೆ ಉಳಿಯಬಲ್ಲದು ಎಂಬ ತಿಳಿವು ಆ ಚೌಕಟ್ಟಿನಲ್ಲಿ ಇಲ್ಲ. ಅದನ್ನು ಪ್ರಯೋಗಾಲಯವೇ ಒದಗಿಸಬೇಕು.

ಹಾಗೆಯೇ ಪ್ರಯೋಗಾಲಯಕ್ಕೆ ಒದಗದ ತಿಳಿವು ಹಂದಿ ಸಾಕುವವರ ಬಳಿಯಿದೆ. ಯಾವ ಸಂತೆಯಿಂದ ಯಾವ ಸಂತೆಗೆ ಮರಿಗಳು ಹೋಗುತ್ತವೆ, ಯಾವ ತಾಯಿಯ ಮರಿಗಳು ಕುಗ್ಗುತ್ತಿವೆ, ಯಾವ ಹಳ್ಳದಲ್ಲಿ ಸತ್ತ ಹಂದಿ ಬಿದ್ದಿದೆ ಎಂಬುದು ಮೊದಲು ತಿಳಿಯುವುದು ಅವರಿಗೇ. ಆ ತಿಳಿವನ್ನು ಅವರು ಭಯವಿಲ್ಲದೆ ಹೇಳುವಂತಾಗಬೇಕಾದರೆ ಪರಿಹಾರ ಸಕಾಲಕ್ಕೆ ಕೈಸೇರಬೇಕು. ಅದಕ್ಕಿಂತ ಮಿಗಿಲಾಗಿ ಅವರನ್ನು ರೋಗದ ಮೂಲವೆಂದು ಕಾಣುವ ದೃಷ್ಟಿ ಬದಲಾಗಬೇಕು. ಹೊರಬೀಡಿನ ಸಂಜೆ ಊರಿಗೆ ಹಿಂದಿರುಗುವವರ ಜೊತೆಯಲ್ಲಿ ಊರ ಅಂಚಿನ ಗುಡಿಸಲುಗಳ ಜನರನ್ನೂ ಎಣಿಸಿದಾಗ ಮಾತ್ರ ನೆಲೆಯೂರಿದ ಸೋಂಕನ್ನು ಅದರ ನೆಲೆಯಿಂದ ಕದಲಿಸುವುದು ಸಾಧ್ಯವಾಗುತ್ತದೆ.